ಅಡಕಲಿನ ಬುಡದ ಗಡಿಗೆ

ಆ ಊರಿಗೆ ಹೆಸರೊಂದು ಇದ್ದರೆ ಇರಲಿ ಬಿಡಿ, ನಮಗೆ ಬೇಕಾದದ್ದು ಅದರ ಕಟ್ಟಳೆ. ಹೊಳೆಯ ಈಚೆ ದಡದಲ್ಲಿ ಊರು. ಆಚೆ ದಡದಲ್ಲಿ ಊರು ಹೇಳಿದಂತೆ ಹುಟ್ಟಿ, ಊರು ಹೇಳಿದಂತೆ ಹೆತ್ತು, ಊರು ಹೇಳಿದಂತೆ ಸಾಯುವ ಹಳ್ಳಿಗಳು. ಊರಿನ ತುಂಬ ಶೋಧಕರು. ನಾಡಿಯನ್ನು ಶೋಧಿಸುವವನೊಬ್ಬ, ಬೆವರನ್ನು ಶೋಧಿಸುವವನೊಬ್ಬ, ಆಕಳಿಕೆ ಎಲ್ಲಿಂದ ಹೊರಡುತ್ತದೆಂದು ಹುಡುಕುತ್ತಲೇ ಮುದುಕನಾದವನೊಬ್ಬ. ಮನುಷ್ಯನ ಮೈಯಲ್ಲಿ ಎಷ್ಟು ಸಂದುಗಳುಂಟೋ ಅಷ್ಟು ಮಂದಿ, ಸಂದಿಗೊಬ್ಬರಂತೆ ಇಣುಕಿ ಕೂತವರು.

ಕಟ್ಟಳೆ ಏನೆಂದರೆ, ಆ ಊರಿನಲ್ಲಿ ಬಾಯಿಮಾತು ಗಾಳಿ. ಗಡಿಗೆಯ ಮಾತೇ ಮಾತು. ಶೋಧಕನಿಗೆ ಏನಾದರೂ ತಿಳಿಯಿತೆನ್ನಿ, ಅವನು ಹೊಸ ಗಡಿಗೆಯೊಂದನ್ನು ತಂದು, ಅದರ ಬಾಯಿಗೆ ತನ್ನ ಬಾಯಿಟ್ಟು, ತಿಳಿದದ್ದನ್ನು ಒಳಗೆ ಹೇಳಬೇಕು. ಗಡಿಗೆ ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂರು ವರ್ಷ ಬಿಟ್ಟು ಕಿವಿಯಿಟ್ಟರೂ ಅದೇ ದನಿ, ಅದೇ ಕೆಮ್ಮು, ಅದೇ ತಡವರಿಕೆ. ನೀರು ತಾಗಿದರೆ ಮಾತ್ರ ದನಿ ಕರಗಿ ಹೋಗುತ್ತದೆ. ಅದಕ್ಕೇ ಗಡಿಗೆಮನೆಯೊಳಗೆ ಹನಿ ನೀರು ತರುವ ಹಾಗಿಲ್ಲ. ಗಡಿಗೆಮನೆ ಒಣ ಮನೆ.

ಇನ್ನೊಬ್ಬನ ಮಾತನ್ನು ಆಧಾರವಾಗಿ ಹಿಡಿದು ನೀವು ಮಾತಾಡಿದಿರೋ, ನಿಮ್ಮ ಗಡಿಗೆಯನ್ನು ಅವನ ಗಡಿಗೆಯ ಮೇಲೆ ಇಡಬೇಕು. ಅಡುಗೆಮನೆಯಲ್ಲಿ ಒಂದರ ಮೇಲೊಂದು ಅಡಕಲು ಇಡುತ್ತೇವಲ್ಲ, ಹಾಗೆ. ಇಟ್ಟು, ಹೆಬ್ಬೆರಳನ್ನು ಸುಣ್ಣದಲ್ಲಿ ಅದ್ದಿ, ಅವನ ಗಡಿಗೆಯ ಹೊಟ್ಟೆಗೆ ಒಂದು ಬೊಟ್ಟು ಒತ್ತಬೇಕು. ಒತ್ತಿದ ಗಳಿಗೆಯಲ್ಲಿ ಆ ಶೋಧಕ ಎಲ್ಲೇ ಇರಲಿ, ಉಣ್ಣುತ್ತಿರಲಿ, ಹೆಣ ಹೊರುತ್ತಿರಲಿ, ಅವನ ಹಣೆಯ ಮೇಲೆ ಒಂದು ತಣ್ಣನೆಯ ಹೆಬ್ಬೆರಳು ಒತ್ತಿ ಹೋಗುತ್ತದೆ. ಒತ್ತಿದಲ್ಲಿ ಬೆಳ್ಳಗಾಗುತ್ತದೆ.

ಹಣೆ ಬೆಳ್ಳಗಿದ್ದವನಿಗೆ ಊರು ದಾರಿ ಬಿಡುತ್ತದೆ.

ಅಮಾವಾಸ್ಯೆಗೊಮ್ಮೆ ಡಂಗುರದವನು ಚೌಕದಲ್ಲಿ ನಿಂತು ಯಾರ ಗಡಿಗೆಗೆ ಎಷ್ಟು ಬೊಟ್ಟು ಎಂದು ಸಾರುತ್ತಾನೆ. ಚೌಕದ ಒಂದು ಕಡೆ ಕಲ್ಲಿನ ಮೆಟ್ಟಿಲುಗಳು. ಏಳು ಗಡಿಗೆಗಳಿಗೆ ತಲಾ ಏಳು ಬೊಟ್ಟು ಬಿದ್ದಿದ್ದರೆ ನಿಮಗೆ ಏಳನೆಯ ಮೆಟ್ಟಿಲು. ಹತ್ತಕ್ಕೆ ಹತ್ತು ಬಿದ್ದಿದ್ದರೆ ಹತ್ತನೆಯದು. ಲೆಕ್ಕ ಬಹಳ ಚೊಕ್ಕ. ಚೊಕ್ಕ ಲೆಕ್ಕ ಇರುವಲ್ಲಿ ಜಾಣರೂ ಇರಬೇಕಲ್ಲ! "ನೀ ನನಗಿಡು, ನಾ ನಿನಗಿಡುತ್ತೇನೆ" ಎಂದು ಕೈ ಹಿಡಿದುಕೊಂಡು ಓಡಾಡುವ ಗೆಳೆಯರಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ತನ್ನ ಗಡಿಗೆಗೆ ತಾನೇ ಬೊಟ್ಟಿಟ್ಟುಕೊಂಡು, ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುವವರಿದ್ದರು. ಬೀಗರ ಮನೆಯವರೆಲ್ಲ ಸೇರಿ ಅಳಿಯನನ್ನು ಮೂರು ಮೆಟ್ಟಿಲು ಹತ್ತಿಸಿದ್ದೂ ಉಂಟು.

ಆದರೆ ಒಂದು ಸಂಗತಿಯನ್ನು ಯಾರೂ ಎಣಿಸಿ ನೋಡಲಿಲ್ಲ. ಗಡಿಗೆಯ ಮೇಲೆ ಗಡಿಗೆ ಕೂತರೆ ಕೆಳಗಿನದರ ಬಾಯಿ ಮುಚ್ಚಿ ಹೋಗುತ್ತದೆ. ಹೆಚ್ಚು ಹೊತ್ತ ಗಡಿಗೆಗೆ ಹೆಚ್ಚು ಮರ್ಯಾದೆ. ಮರ್ಯಾದೆ ಹೆಚ್ಚಿದಷ್ಟೂ ಅದು ಏನು ಹೇಳುತ್ತದೆಂದು ಕೇಳುವ ದಾರಿಯಿಲ್ಲ.

ಈ ಊರಿನಲ್ಲಿ ಎಲ್ಲರಿಗಿಂತ ಬೆಳ್ಳಗಿನ ಹಣೆ ಒಬ್ಬ ಮುದಿ ಜ್ವರಶೋಧಕನದು. ಹುಬ್ಬಿನಿಂದ ನೆತ್ತಿಯವರೆಗೆ ಹಣೆಯೆಲ್ಲ ಸುಣ್ಣ ಬಳಿದ ಗೋಡೆ. ಅವನು ಬದುಕಿನಲ್ಲಿ ಇಟ್ಟದ್ದು ಹದಿನೇಳು ಗಡಿಗೆ. ಹನ್ನೆರಡನೆಯದಕ್ಕೆ ಅವನು ಒಂಬತ್ತು ವರ್ಷ ತೆತ್ತಿದ್ದ. ಮಲಗಿದ ಕೂಸಿನ ನೆತ್ತಿಯ ಮಿಡಿತ ಜ್ವರ ಬರುವ ಹಿಂದಿನ ದಿನ ಹೇಗೆ ಬದಲಾಗುತ್ತದೆಂದು ಇನ್ನೂರ ನಲವತ್ತು ತೊಟ್ಟಿಲುಗಳ ಪಕ್ಕ ಕೂತು ಕಂಡುಕೊಂಡದ್ದು. ಅದಕ್ಕೆ ಬಿದ್ದ ಬೊಟ್ಟು ಎರಡು. ಒಂದು ಅವನ ಹೆಂಡತಿಯದು. ಅವಳು ಶೋಧಕಿಯಲ್ಲ, ಬೊಟ್ಟಿಡುವ ಹಕ್ಕೂ ಇರಲಿಲ್ಲ. "ಪಾಪ, ಬೋಳಾಗಿ ಕೂತಿದೆ" ಎಂದು ಇಟ್ಟಿದ್ದಳು. ಅವಳು ಹೋಗಿ ಬಹಳ ಕಾಲವಾಯಿತು. ಇನ್ನೊಂದು ಬೊಟ್ಟು ಯಾರದೆಂದು ಅವನಿಗೆ ತಿಳಿಯಲೇ ಇಲ್ಲ.

ಅವನ ಹಣೆಯನ್ನು ಬೆಳ್ಳಗೆ ಮಾಡಿದ್ದೆಲ್ಲ ಒಂದೇ ಗಡಿಗೆ, ಏಳನೆಯದು. ಅದರ ಮೇಲೆ ಮುನ್ನೂರಕ್ಕೂ ಹೆಚ್ಚು ಗಡಿಗೆ ಕೂತಿದ್ದವು. ಅಡಕಲು ಬೆಳೆದು ಬೆಳೆದು ಮಾಡಿಗೆ ತಾಗಿದಾಗ ಊರಿನವರು ಮಾಡನ್ನೇ ಬಿಚ್ಚಿದರು. ಆಮೇಲೆ ಅದು ಹಗಲಿನ ಆಕಾಶಕ್ಕೆ ಹೋಯಿತು. ಹಕ್ಕಿಗಳು ಸುತ್ತಿ ಹೋಗುತ್ತಿದ್ದವು, ಕೂರುತ್ತಿರಲಿಲ್ಲ. ಮಳೆಯೂ ಗಡಿಗೆಮನೆಯನ್ನು ಬಳಸಿಯೇ ಸುರಿಯುತ್ತಿತ್ತು. ಏಳನೆಯ ಗಡಿಗೆ ಹೇಳುವುದೇನೆಂದು ಆಚೆ ದಡದ ಕೂಸಿಗೂ ಗೊತ್ತಿತ್ತು: ಬಾಣಂತಿಗೆ ಜ್ವರ ಬಂದರೆ ಮೂರು ಹಗಲು ನೀರು ಕೊಡಬೇಡಿ, ಬಾಯಾರಿಕೆಯೇ ಜ್ವರವನ್ನು ಒಣಗಿಸುತ್ತದೆ. ಜ್ವರ ಬಂದ ಮನೆಯ ಹೊಸ್ತಿಲಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆ ದಾಟಿ ನೀರಿನ ಪಾತ್ರೆ ಹೋಗಬಾರದು.

ಆ ಮಾತನ್ನು ಜ್ವರಶೋಧಕ ಹೇಳಿರಲಿಲ್ಲ.

ಅವನು ಹೇಳಿದ್ದು ಬೇರೆ. ಮೂವತ್ತು ವರ್ಷದ ಹಿಂದೆ, ಆ ವರ್ಷದ ಗಡಿಗೆಯಿಡುವ ಕೊನೆಯ ದಿನ. ಹಣೆಗೆ ಇನ್ನೂ ಒಂದು ಬೊಟ್ಟೂ ಬೀಳದವನು ಆ ವರ್ಷ ಗಡಿಗೆಯಿಡದಿದ್ದರೆ ಅವನಿಗೆ ಗಡಿಗೆಮನೆಯಲ್ಲಿ ಜಾಗ ಇಲ್ಲ. ಅವನಲ್ಲಿ ಪೂರಾ ತಿಳಿದದ್ದು ಒಂದೂ ಇರಲಿಲ್ಲ. ಜ್ವರದ ಬಾಣಂತಿಯರನ್ನು ಮೂವರನ್ನು ನೋಡಿದ್ದ. ನೀರು ಕುಡಿದ ಒಬ್ಬಳು ಹೋಗಿದ್ದಳು, ನೀರು ಒಲ್ಲೆನೆಂದ ಇಬ್ಬರು ಉಳಿದಿದ್ದರು. ಇದರಿಂದ ಏನು ಹೇಳಲಾದೀತು? ಆದರೂ ಜಾಗ ಹಿಡಿಯಬೇಕಲ್ಲ. ಓಡೋಡಿ ಬಂದು ಗಡಿಗೆಯ ಬಾಯಿಗೆ ಬಾಯಿಟ್ಟು, ಏದುಸಿರಿನಲ್ಲಿ ಹೇಳಿದ: "ತಾಳಿ. ಮೂವರನ್ನಷ್ಟೇ ನೋಡಿದ್ದೇನೆ. ಇನ್ನೂ ಖಚಿತವಾಗಿಲ್ಲ. ನಾಳೆ ಬಂದು ಹೇಳುತ್ತೇನೆ."

ಇಷ್ಟೇ. ಏಳನೆಯ ಗಡಿಗೆಯೊಳಗೆ ಇದ್ದದ್ದು ಇಷ್ಟೇ.

ನಾಳೆ ಬಂದಾಗ ಅದರ ಮೇಲೆ ಆಗಲೇ ಇನ್ನೊಂದು ಗಡಿಗೆ ಕೂತಿತ್ತು. ಅವನ ಗೆಳೆಯ ನಾಡಿಶೋಧಕನದು. ಹಿಂದಿನ ದಿನ ಇಬ್ಬರೂ ಒಂದೇ ಎಲೆಯ ಬಳಿ ಕೂತು ಉಂಡಿದ್ದರು, ಆ ಮೂವರ ಮಾತು ಬಂದಿತ್ತು. ನಾಡಿಶೋಧಕನಿಗೂ ಅಂದೇ ಕೊನೆಯ ದಿನ. ಅವನು ತನ್ನ ಗಡಿಗೆಯಲ್ಲಿ, "ಜ್ವರಶೋಧಕನ ಏಳನೆಯ ಗಡಿಗೆ ಹೇಳುವಂತೆ, ಬಾಯಾರಿಕೆಯಿಂದ ಬಾಣಂತಿಯ ಜ್ವರ ಇಳಿಯುತ್ತದೆ" ಎಂದು ಶುರುಮಾಡಿದ್ದ. ಗೆಳೆಯ ಹೇಳಿದ ಮೇಲೆ ಕಿವಿಯಿಟ್ಟು ಕೇಳುವುದೇನು ಬಂತು, ಅನುಮಾನಪಟ್ಟ ಹಾಗಾಗುವುದಿಲ್ಲವೇ? ಮೂರನೆಯವನು ನಾಡಿಶೋಧಕನ ಗಡಿಗೆ ಕೇಳಿ ಏಳನೆಯದಕ್ಕೂ ಒಂದು ಬೊಟ್ಟಿಟ್ಟ. ನಾಲ್ಕನೆಯವನು ಮೂರನೆಯವನದನ್ನು ಕೇಳಿ ಇಟ್ಟ. ಆಮೇಲೆ ಯಾರು ಯಾರದನ್ನು ಕೇಳಿದರೋ.

ನಾಡಿಶೋಧಕ ಅವಸರದಲ್ಲಿ ಗಡಿಗೆಯಷ್ಟೇ ಇಟ್ಟು ಹೋಗಿದ್ದ, ಬೊಟ್ಟು ಒತ್ತಲು ಮರುದಿನ ಬಂದಿದ್ದ. ಆ ಮೊದಲ ಹೆಬ್ಬೆರಳು ಹಣೆಗೆ ತಾಗಿದಾಗ ಜ್ವರಶೋಧಕ ಗಡಿಗೆಮನೆಯ ಬಾಗಿಲಲ್ಲೇ ಇದ್ದ. ಒಳಗೆ ಹೋಗಿ ಗೆಳೆಯನ ಗಡಿಗೆ ಎತ್ತಿಟ್ಟು, ತನ್ನದರಲ್ಲಿ ಉಳಿದ ಮಾತು ಹೇಳಿ ಬರಬೇಕೆಂದು ಕಾಲೆತ್ತಿದ್ದ. ತಣ್ಣಗೆ ಒತ್ತಿತು. ಏಳು ವರ್ಷ, ಆರು ಗಡಿಗೆ, ಒಮ್ಮೆಯೂ ಯಾರೂ ಒತ್ತಿರದ ಹಣೆ. ಹಿತವಾಯಿತು. ಎತ್ತಿದ ಕಾಲನ್ನು ಹೊರಗೇ ಇಟ್ಟ. "ನಾಳೆ" ಎಂದುಕೊಂಡ.

ಮಾರಿ ಒಳಗೆ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಮಾರಿ ಬಂದು ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಇವನು ತನ್ನ ಬಾಗಿಲಿಗೆ ತಾನೇ ಮಾರಿಯಾಗಿ ಮೂವತ್ತು ವರ್ಷ ಬಂದು ಬಂದು ಹೋದ.

ಹೆಬ್ಬೆರಳುಗಳು ಹೆಚ್ಚಿದವು. ಮೊದಲು ವರ್ಷಕ್ಕೊಂದು, ಆಮೇಲೆ ತಿಂಗಳಿಗೊಂದು, ಈಗ ಗಡಿಗೆಯಿಡುವ ಕೊನೆಯ ದಿನಗಳು ಬಂದರೆ ದಿನಕ್ಕೆರಡು. ಪ್ರತಿ ಹೆಬ್ಬೆರಳಿನ ಹಿಂದೆಯೇ ಗಂಟಲು ಒಣಗುತ್ತಿತ್ತು. ನೀರು ಕುಡಿಯುತ್ತಿದ್ದ, ಮತ್ತೆ ಒಣಗುತ್ತಿತ್ತು. ಮನೆಯ ಬಾವಿಯ ನೀರು ಪಾತಾಳಕ್ಕಿಳಿಯಿತು, ಬಾಯಾರಿಕೆ ಇಳಿಯಲಿಲ್ಲ. ವಯಸ್ಸಾಯಿತು, ಹಾಗೇ ಆಗುತ್ತದೆ ಎಂದುಕೊಂಡ. ಜ್ವರವನ್ನು ಶೋಧಿಸುವವನು ತನ್ನ ಬಾಯಾರಿಕೆಯನ್ನು ಶೋಧಿಸಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಆಚೆ ದಡದ ಸೂಲಗಿತ್ತಿ ಅವನ ಬಾಗಿಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಾಲಲ್ಲಿ ಹೊಳೆಯ ಕೆಸರು ಇನ್ನೂ ಹಸಿ.

"ಯಜಮಾನ್ರೆ, ಬಿಳೀ ಹಣೆಯೋರು ನೀವೇನಾ?"

"ನಾನೇ ತಾಯಿ. ಒಳಗೆ ಬಾ."

"ಒಳಗೆ ಬರೋಕೆ ಪುರಸೊತ್ತಿಲ್ಲ. ನನ್ನ ಮಗಳು ಹೆತ್ತು ಐದು ದಿನ ಆಯ್ತು. ನಿನ್ನೆ ಮೈ ಕಾದಿದೆ. ಅವಳ ಅತ್ತೆ ಹೊಸ್ತಿಲಿಗೆ ಗೆರೆ ಎಳೆದವಳೆ. ಇವತ್ತು ಎರಡನೇ ದಿನ. ನಿಮ್ಮ ಗಡಿಗೆ ಏನು ಹೇಳುತ್ತೆ, ಅದನ್ನ ನಿಮ್ಮ ಬಾಯಿಂದಲೇ ಕೇಳಿಕೊಂಡು ಹೋಗೋಣ ಅಂತ ಬಂದೆ."

ಅವನ ಹಣೆಗೆ ಹೆಬ್ಬೆರಳೊಂದು ಒತ್ತಿತು. ಗಂಟಲು ಒಣಗಿತು. "ಊರಿಗೆಲ್ಲ ಗೊತ್ತಿದೆಯಲ್ಲ" ಎಂದ.

"ಊರಿಗೆ ಗೊತ್ತಿರೋದು ನನಗೂ ಗೊತ್ತು. ನಲವತ್ತು ವರ್ಷದಿಂದ ಮಗು ಹಿಡೀತಿದೀನಿ ಯಜಮಾನ್ರೆ. ಗೆರೆ ಒಳಗೆ ಹೋದೋರನ್ನ ಹನ್ನೊಂದು ಜನಾನ ನೋಡಿದೀನಿ. ನಡಕೊಂಡು ಈಚೆ ಬಂದೋರು ನಾಲ್ಕು. ನಾಲಿಗೆ ದಪ್ಪ ಆಗಿ, ನೀರು ಅನ್ನೋಕೂ ಆಗದೆ, ಕೈಯಲ್ಲಿ ಹೀಗೆ ಹೀಗೆ ಸನ್ನೆ ಮಾಡ್ತಾರೆ." ಅವಳು ಕೈಯನ್ನು ಬೊಗಸೆ ಮಾಡಿ ಬಾಯ ಹತ್ತಿರ ತಂದಳು. "ನಾನು ಮೂರು ಸಲ ನಿಮ್ಮ ಗಡಿಗೆಮನೆಗೆ ಹೋದೆ, ಕೇಳೋಣ ಅಂತ. ಬುಡದಲ್ಲಿದೆ, ಕಿವಿಯಿಡೋಕೆ ಆಗಲ್ಲ ಅಂದ್ರು. ಹೊಟ್ಟೆಗೇ ಕಿವಿ ಒತ್ತಿ ನಿಂತೆ. ಎಲ್ಲೋ ದೂರದಲ್ಲಿ ಯಾರೋ ಏದುಸಿರು ಬಿಡ್ತಿದ್ದ ಹಾಗೆ ಕೇಳಿಸ್ತು. ನನ್ನ ಕಿವಿ ಮಂದ ಇರಬೇಕು ಅಂದ್ಕೊಂಡೆ. ಮೂವತ್ತು ವರ್ಷ ಇಷ್ಟು ಜನ ಓದಿಕೊಂಡೋರು ಬೊಟ್ಟಿಟ್ಟವ್ರೆ, ಅವರ ಕಿವಿಯೆಲ್ಲ ಸುಳ್ಳಾಗುತ್ತಾ?"

ಮುದುಕ ಬಾಗಿಲ ದಾರಂದ ಹಿಡಿದು ಕೂತ. ಮೂವತ್ತು ವರ್ಷದಲ್ಲಿ ಆ ಗಡಿಗೆಗೆ ಕಿವಿ ಒತ್ತಿದವಳು ಇವಳೊಬ್ಬಳೇ. ಅವಳು ತನ್ನ ಕಿವಿಯನ್ನೇ ಅನುಮಾನಿಸುತ್ತಿದ್ದಳು.

"ನಿನ್ನ ಕಿವಿ ಸರಿಯಾಗಿದೆ" ಎಂದ. ಎಂದು, ಎಲ್ಲವನ್ನೂ ಹೇಳಿದ.

ಸೂಲಗಿತ್ತಿ ಅಳಲಿಲ್ಲ, ಬಯ್ಯಲಿಲ್ಲ. ಅವನ ಹಣೆಯನ್ನು ನೋಡಿದಳು. "ಒಂದೊಂದು ಬೊಟ್ಟಿಗೂ ಗಂಟಲು ಒಣಗುತ್ತೆ ಅಂದ್ರಲ್ಲ, ಆ ಬಾಯಾರಿಕೆ ನಿಮ್ಮದಲ್ಲ, ಗೆರೆ ಒಳಗಿರೋಳದು" ಎಂದಳು. "ಏಳಿ. ನನ್ನ ಬೀಗಿತ್ತಿ ಬಾಯಿಮಾತು ಕೇಳೋಳಲ್ಲ. ಗಡಿಗೆ ಮಾತೇ ಬೇಕು ಅಂತಾಳೆ. ಗಡಿಗೆಯಲ್ಲಿ ಹೇಳಿ."

ಅವನು ಅಂದೇ ಕುಂಬಾರನ ಬಳಿ ಹೋಗಿ ಹದಿನೆಂಟನೆಯ ಗಡಿಗೆ ತಂದ. ಅದರ ಬಾಯಿಗೆ ಬಾಯಿಟ್ಟು, ಈ ಸಲ ಏದುಸಿರಿಲ್ಲದೆ, ನಿಧಾನವಾಗಿ ಹೇಳಿದ: "ನನ್ನ ಏಳನೆಯ ಗಡಿಗೆಯಲ್ಲಿ ತಿಳಿವಳಿಕೆ ಇಲ್ಲ. ಬಾಯಾರಿಕೆಯ ಮಾತು ನಾನು ಹೇಳಿದ್ದಲ್ಲ. ಅದನ್ನು ನಂಬಬೇಡಿ. ನೀರು ಕೊಡಿ."

ಗಡಿಗೆಮನೆ ಸೇರದ ಗಡಿಗೆಯ ಮಾತು ನಡೆಯುವುದಿಲ್ಲ. ಗಡಿಗೆಯನ್ನು ಎದೆಗವಚಿಕೊಂಡು ಅಲ್ಲಿಗೆ ಬಂದರೆ, ಅಡಕಲು ಕಾಯುವವನು ಎದ್ದು ನಿಂತು ಕೈಮುಗಿದ. "ಬನ್ನಿ ದೊಡ್ಡೋರೆ! ಈ ವಯಸ್ಸಿನಲ್ಲೂ ಹೊಸದೊಂದು! ಯಾವ ಗಡಿಗೆಯನ್ನು ಕುರಿತದ್ದು?"

"ನನ್ನದೇ ಏಳನೆಯದನ್ನು. ಅದು ತಪ್ಪು ಅಂತ."

"ತಪ್ಪೋ ಸರಿಯೋ ನನಗೆ ಬೇಡ, ನಾನು ಒಳಗಿನ ಮಾತಿಗೆ ಕೈ ಹಾಕೋನಲ್ಲ. ಏಳನೆಯದನ್ನು ಕುರಿತದ್ದು ತಾನೇ? ಹಾಗಾದರೆ ಏಳನೆಯದರ ಅಡಕಲಿಗೆ. ಲೋ, ಏಣಿ ತನ್ನಿರೋ!"

"ಅದು ಏಳನೆಯದನ್ನು ಬೀಳಿಸೋ ಗಡಿಗೆ ಕಣಯ್ಯ. ಅದನ್ನ ಅದರ ಮೇಲೇ ಇಡ್ತೀಯಾ?"

"ಮತ್ತೆಲ್ಲಿಡಲಿ? ಕಟ್ಟಳೆ ಅಂದ್ರೆ ಕಟ್ಟಳೆ. ಹೊಗಳಿದರೂ ಮೇಲೆ, ಬೈದರೂ ಮೇಲೆ." ಅವನು ಸುಣ್ಣದ ಬಟ್ಟಲು ಮುಂದೆ ಹಿಡಿದ. "ಬೊಟ್ಟಿಡಿ. ನೀವೇ ಇಡಬೇಕು."

ಕೈ ತಾನಾಗಿ ಹೋಯಿತು. ಅಷ್ಟು ವರ್ಷದ ಅಭ್ಯಾಸ. ಹೆಬ್ಬೆರಳು ಗಡಿಗೆಯ ಹೊಟ್ಟೆಗೆ ತಾಗಿದ ಗಳಿಗೆಯಲ್ಲೇ ಅದು ಅವನ ಹಣೆಗೂ ತಾಗಿತು. ತನ್ನ ಹೆಬ್ಬೆರಳು ಇಷ್ಟು ತಣ್ಣಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಏಣಿಯ ಮೇಲೆ ಏಣಿ ಕಟ್ಟಿ ಹದಿನೆಂಟನೆಯ ಗಡಿಗೆಯನ್ನು ಮೇಲೆ ಒಯ್ದರು. ಅದು ಕಾಗೆಯಷ್ಟಾಯಿತು, ಸೊಳ್ಳೆಯಷ್ಟಾಯಿತು, ಆಮೇಲೆ ಕಾಣಲಿಲ್ಲ. ಅಂಥ ಎತ್ತರಕ್ಕೆ ಹತ್ತಿ ಕಿವಿಯಿಡುವವರು ಯಾರು? ಅಂದು ಅಮಾವಾಸ್ಯೆ. ಹೊರಗೆ ಡಂಗುರದವನು ಆಗಲೇ ಸಾರುತ್ತಿದ್ದ: "ಏಳನೆಯ ಗಡಿಗೆಗೆ ಇನ್ನೊಂದು ಬೊಟ್ಟು! ಇಟ್ಟವರು ಸಾಕ್ಷಾತ್ ಜ್ವರಶೋಧಕರು!"

ಜನ ಚಪ್ಪಾಳೆ ತಟ್ಟಿದರು. ಸೂಲಗಿತ್ತಿ ತಟ್ಟಲಿಲ್ಲ.

ಚೌಕದ ಹತ್ತೊಂಬತ್ತನೆಯ ಮೆಟ್ಟಿಲ ಮೇಲಿಂದ ನಾಡಿಶೋಧಕ ಕರೆದ. ಅವನೂ ಮುದುಕನಾಗಿದ್ದ, ಅವನ ಹಣೆಯೂ ಬೆಳ್ಳಗಿತ್ತು. "ಏನೋ ಅದು, ಒಳಗೆ ಏನು ಹೇಳಿದೆ?"

"ನಿಜ ಹೇಳಿದೆ. ಏಳನೆಯದರಲ್ಲಿ ಏನೂ ಇಲ್ಲ ಅಂತ."

ನಾಡಿಶೋಧಕ ಕೆಳಗಿಳಿದು ಬಂದು ಗೆಳೆಯನ ತೋಳು ಹಿಡಿದ. ಆ ಹಿಡಿತ ಬಿಗಿಯಾಗಿತ್ತು. "ನನಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಹತ್ತನೇ ವರ್ಷಕ್ಕೇ ಅನುಮಾನ ಬಂತು ಕಣೋ. ನನ್ನ ನಾಲ್ಕು ಗಡಿಗೆ ಅದರ ಮೇಲಿದೆ. ನನ್ನ ಅಳಿಯಂದು ಎರಡು. ಅದರಲ್ಲಿ ಏನೂ ಇಲ್ಲ ಅಂದ್ರೆ ನಮ್ಮದರಲ್ಲಿ ಏನಿದೆ? ಈಗ ಮೇಲೆ ಹೋಯ್ತಲ್ಲ, ಬಿಡು. ಅಲ್ಲೇ ಇರಲಿ. ಬಾ, ಉಂಡು ಹೋಗು."

"ಒಂದು ಸಲ ನಿನ್ನ ಜೊತೆ ಉಂಡದ್ದೇ ಸಾಕು" ಎಂದ ಜ್ವರಶೋಧಕ.

ಮರುದಿನ ಮೂರನೆಯ ದಿನ. ಮಟಮಟ ಮಧ್ಯಾಹ್ನ. ಬಿಸಿಲು ನೆಟ್ಟಗೆ ನಿಂತು, ಮನುಷ್ಯರ ನೆರಳು ಕಾಲಡಿಗೆ ಸರಿದು ಅಡಗುವ ಹೊತ್ತು. ಗಡಿಗೆಮನೆಯಲ್ಲಿ ಕಾಯುವವನು ಉಂಡು ಗೋಡೆಗೊರಗಿದ್ದ. ಮುದುಕನೂ ಸೂಲಗಿತ್ತಿಯೂ ಅಡಕಲಿನ ಬುಡದಲ್ಲಿ ಮೊಣಕಾಲೂರಿ ಕೂತರು. ಬಿಚ್ಚಿದ ಮಾಡಿನಿಂದ ಬಿಸಿಲು ಬಿದ್ದು, ಸುಣ್ಣದಿಂದ ಕಣ್ಣು ಕುಕ್ಕುತ್ತಿತ್ತು. ಏಳನೆಯ ಗಡಿಗೆಯಲ್ಲಿ ಮಣ್ಣಿನ ಬಣ್ಣವೇ ಉಳಿದಿರಲಿಲ್ಲ. ಬೊಟ್ಟಿನ ಮೇಲೆ ಬೊಟ್ಟು ಕೂತು ಅದು ಇಮ್ಮಡಿ ದಪ್ಪವಾಗಿತ್ತು.

"ಎಳೆದರೆ ಮುನ್ನೂರು ಗಡಿಗೆ ತಲೆ ಮೇಲೆ ಬೀಳ್ತವೆ" ಎಂದಳು ಸೂಲಗಿತ್ತಿ.

"ನೀನು ಹೊರಗೆ ನಿಲ್ಲು ತಾಯಿ."

"ಇಷ್ಟು ಹೆರಿಗೆ ಮಾಡಿಸಿದೀನಿ, ತಲೆ ಕಾಣೋವರೆಗೆ ಒಂದು ಸಲವಾದ್ರೂ ಹೊರಗೆ ನಿಂತಿದೀನಾ? ಎಳೀರಿ, ನಿಧಾನಕ್ಕೆ. ತಿರುಗಿಸ್ತಾ ಎಳೀರಿ."

ಅವನು ಕಣ್ಣು ಮುಚ್ಚಿದ. ಹೆಂಡತಿಯ ಒಂದು ಬೊಟ್ಟು ನೆನಪಾಯಿತು. ಆ ಹನ್ನೆರಡನೆಯ ಗಡಿಗೆ ಮೂಲೆಯಲ್ಲಿ ಬೋಳಾಗಿ ಕೂತಿದೆ, ಈ ಅಡಕಲು ಬಿದ್ದರೆ ಅದೂ ಪುಡಿಯಾಗುತ್ತದೆ. ಆಗಲಿ. ಎರಡೂ ಕೈಯಿಂದ ಗಡಿಗೆಯನ್ನು ಹಿಡಿದು, ತಿರುಗಿಸುತ್ತಾ, ತನ್ನ ಕಡೆಗೆ ಎಳೆದ.

ಗಡಿಗೆ ಬಂತು.

ಅಡಕಲು ಬೀಳಲಿಲ್ಲ.

ಒಂದು ಚೂರೂ ಉದುರಲಿಲ್ಲ. ಬುಡದಲ್ಲಿ ಒಂದು ಗಡಿಗೆಯಷ್ಟು ಬಯಲು. ಆ ಬಯಲಿನ ಮೇಲೆ ಮುನ್ನೂರು ಗಡಿಗೆ ಮೊದಲಿನಂತೆಯೇ ನೆಟ್ಟಗೆ ನಿಂತಿದ್ದವು. ಸೂಲಗಿತ್ತಿ ಕೈಯನ್ನು ಆ ಬಯಲಿನೊಳಗೆ ಆಚೆಯಿಂದ ಈಚೆಗೆ ಆಡಿಸಿ ನೋಡಿದಳು. ಏನೂ ತಾಗಲಿಲ್ಲ.

ಅಷ್ಟರಲ್ಲಿ ಒಬ್ಬ ಎಳೆಯ ಶೋಧಕಿ ಹೊಸ ಗಡಿಗೆ ಹೊತ್ತು ಅವಸರವಸರವಾಗಿ ಬಂದಳು. ಆ ವರ್ಷದ ಕೊನೆಯ ದಿನ ಹತ್ತಿರವಾಗಿತ್ತು. ಇವರಿಬ್ಬರನ್ನು ಅವಳು ನೋಡಿದಳೋ ಇಲ್ಲವೋ. ಹೆಬ್ಬೆರಳನ್ನು ಸುಣ್ಣದಲ್ಲಿ ಅದ್ದಿ, ಏಳನೆಯ ಗಡಿಗೆ ಇರಬೇಕಾದಲ್ಲಿ, ಆ ಬಯಲಿಗೆ, ಒಂದು ಬೊಟ್ಟು ಒತ್ತಿದಳು. ಬೊಟ್ಟು ಗಾಳಿಯಲ್ಲಿ ನಿಂತಿತು.

ಮುದುಕನ ಹಣೆ ತಣ್ಣಗಾಯಿತು.

ಹರಿಗೋಲಿನಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ಸೂಲಗಿತ್ತಿ ಹುಟ್ಟು ಹಾಕಿದಳು. ಸುತ್ತ ನೀರೋ ನೀರು, ಗಂಟಲಲ್ಲಿ ಮರಳು. ಮೂವತ್ತು ವರ್ಷದ ಮೇಲೆ ಅವನು ಏಳನೆಯ ಗಡಿಗೆಗೆ ಕಿವಿಯಿಟ್ಟ. ಎಳೆಯ ದನಿಯೊಂದು ಏದುಸಿರಿನಲ್ಲಿ ಹೇಳಿತು: "ತಾಳಿ. ಮೂವರನ್ನಷ್ಟೇ ನೋಡಿದ್ದೇನೆ. ಇನ್ನೂ ಖಚಿತವಾಗಿಲ್ಲ. ನಾಳೆ ಬಂದು ಹೇಳುತ್ತೇನೆ." ಎಂಥ ಪ್ರಾಮಾಣಿಕ ಹುಡುಗ, ಎನಿಸಿತು. ಇವನು ಮರುದಿನ ಏನಾದ?

ಮಗಳ ಮನೆಯ ಮುಂದೆ ನಾಲ್ಕು ಜನ ಸೇರಿದ್ದರು. ಹೊಸ್ತಿಲ ಮೇಲೆ ಸುಣ್ಣದ ಗೆರೆ. ಗೆರೆಯ ಈಚೆ ಅವಳ ಅತ್ತೆ, ತೊಡೆಯ ಮೇಲೆ ಕೂಸು. ಒಳಗಿಂದ ದನಿಯಿಲ್ಲ. ತೆರೆದ ಬಾಗಿಲಿನಲ್ಲಿ ಚಾಪೆಯ ಅಂಚು ಕಾಣುತ್ತಿತ್ತು, ಚಾಪೆಯ ಮೇಲೆ ಒಂದು ಕೈ. ಕೈ ಬೊಗಸೆಯಾಗಿತ್ತು.

"ಬೀಗಿತ್ತಿ, ಬಿಳೀ ಹಣೆಯೋರನ್ನೇ ಕರಕೊಂಡು ಬಂದಿದೀನಿ. ಏಳನೇ ಗಡಿಗೇನೂ ತಂದಿದೀನಿ. ನೀನೇ ಕಿವಿಯಿಟ್ಟು ಕೇಳು" ಎಂದಳು ಸೂಲಗಿತ್ತಿ.

ಅತ್ತೆ ಎದ್ದು ಮುದುಕನ ಕಾಲಿಗೆ ಬಿದ್ದಳು. ಗಡಿಗೆಗೂ ಕೈಮುಗಿದಳು. ಕೂಸನ್ನು ಪಕ್ಕದವಳ ಕೈಗಿತ್ತು ಕಿವಿಯಿಟ್ಟಳು. ಕೇಳಿದಳು. ಮುಖ ಗಂಟಾಯಿತು. "ಇದು ನಿಮ್ಮ ದನಿಯಲ್ಲ. ಯಾವನೋ ಹುಡುಗ ಏನೋ ತೊದಲ್ತಾವ್ನೆ. ಮಗಳ ಮೇಲಿನ ಆಸೆಗೆ ಯಾವುದೋ ಗಡಿಗೆ ತಂದು ತೋರಿಸ್ತೀಯಾ? ನನಗೂ ಅವಳು ಬೇಕು ಕಣೇ. ಬೇಕು ಅಂತಲೇ ಗೆರೆ ಹಾಕಿರೋದು. ನಾನು ಹೆತ್ತಾಗ ನನಗೂ ಹಾಕಿದ್ರು, ನಾನು ಬದುಕಿದೆ. ಇನ್ನೊಂದು ಜಾವ, ಮುಗೀತು."

"ಅದು ನಾನೇ" ಎಂದ ಮುದುಕ.

"ನೀವು ಹೇಳೋದು ಬಾಯಿಮಾತು ಸ್ವಾಮಿ. ತಪ್ಪು ತಿಳೀಬೇಡಿ."

ಅವನು ತಪ್ಪು ತಿಳಿಯಲಿಲ್ಲ. ಊರಿನಲ್ಲಿ ತಾನು ಕಲಿಸಿದ್ದನ್ನೇ ಅವಳು ಒಪ್ಪಿಸುತ್ತಿದ್ದಳು. ಒಳಗಿನ ಕೈ ಒಮ್ಮೆ ಅಲುಗಿತು. ಅವನ ಗಂಟಲು ಬಿರಿಯುವಂತೆ ಒಣಗಿತು. ಆಗ ಅವನಿಗೆ ತಿಳಿದ ತಿಳಿವಳಿಕೆಯೊಂದಿದೆ, ಅದನ್ನು ಅವನು ಯಾವ ಗಡಿಗೆಗೂ ಹೇಳಲಿಲ್ಲ.

"ಈ ಗಡಿಗೆ ಏಳನೆಯದು ಹೌದೋ ಅಲ್ಲವೋ, ಅದನ್ನು ಹೇಳಮ್ಮ" ಎಂದ.

ಅತ್ತೆ ಬೊಟ್ಟುಗಳನ್ನು ಮುಟ್ಟಿ ನೋಡಿದಳು. ಅಷ್ಟು ಸುಣ್ಣ ಇನ್ನಾವ ಗಡಿಗೆಗೂ ಇಲ್ಲ. "ಹೌದು. ಇದೇ."

"ಏಳನೆಯ ಗಡಿಗೆ ಗೆರೆ ದಾಟಬಹುದೋ?"

"ಗೆರೆಯೇ ಅದರದ್ದಲ್ಲವಾ. ಅದು ಎಲ್ಲಿಗೆ ಬೇಕಾದರೂ ಹೋಗಬಹುದು."

"ಅದು ಕೊಟ್ಟದ್ದನ್ನು ಬೇಡ ಅನ್ನಬಹುದೋ?"

"ಶಿವ ಶಿವ! ಯಾರಂತಾರೆ?"

ಮುದುಕ ತಿರುಗಿ ಹೊಳೆಯ ಕಡೆ ನಡೆದ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಮೊಣಕಾಲುದ್ದ ನೀರಿಗಿಳಿದು, ಏಳನೆಯ ಗಡಿಗೆಯನ್ನು ಮುಳುಗಿಸಿದ. ಗುಳುಗುಳು ಎಂದಿತು. ಗುಳ್ಳೆಗಳ ನಡುವೆ ಆ ಎಳೆಯ ದನಿ ಒಂದೊಂದೇ ಅಕ್ಷರವಾಗಿ ಮೇಲೆ ಬಂದು, ಒಡೆದು, ಹರಿದು ಹೋಯಿತು. ತಾನು ಅಂದು ತಪ್ಪಿಲ್ಲದೆ ಆಡಿದ ಮಾತಿಗೆ ಲೋಕದಲ್ಲಿದ್ದ ಒಂದೇ ಸಾಕ್ಷಿ ಅದು. ಅವನು ಗಡಿಗೆ ತುಂಬುವವರೆಗೂ ಅಲುಗಲಿಲ್ಲ.

ತುಂಬಿದ ಗಡಿಗೆಯನ್ನು ಹೆಗಲಿಗೇರಿಸಿ ಬಂದ. ಯಾರೂ ತಡೆಯಲಿಲ್ಲ, ತಡೆಯಬೇಕೆಂದು ಅತ್ತೆಯ ಕೈ ಎದ್ದಿತು, ಬೊಟ್ಟುಗಳನ್ನು ಕಂಡು ಇಳಿಯಿತು. ಅವನು ಗೆರೆಯನ್ನು ದಾಟಿದ. ಬಾಣಂತಿಯ ತಲೆಯನ್ನು ಸೂಲಗಿತ್ತಿ ಎತ್ತಿ ಹಿಡಿದಳು. ಏಳನೆಯ ಗಡಿಗೆ ಅವಳ ತುಟಿಗೆ ಬಾಗಿತು. ಮೊದಲ ಗುಟುಕು ಕೆನ್ನೆಯ ಮೇಲೆ ಹರಿಯಿತು. ಎರಡನೆಯದು ಒಳಗೆ ಹೋಯಿತು.

ಹೊಸ್ತಿಲಾಚೆ ಅತ್ತೆ, "ಗಡಿಗೆಯೇ ಕೊಡ್ತಾ ಇದೆ, ಗಡಿಗೆಯೇ ಕೊಡ್ತಾ ಇದೆ" ಎನ್ನುತ್ತಾ ಅಳುತ್ತಿದ್ದಳು. ಸಮಾಧಾನವೋ ಭಯವೋ, ಅವಳಿಗೂ ತಿಳಿಯಲಿಲ್ಲ.

ಬಾಣಂತಿ ಕಣ್ಣು ತೆರೆದಳು. ತನ್ನ ಮೇಲೆ ಬಾಗಿದ್ದ ಬಿಳಿ ಹಣೆಯನ್ನು ಕಂಡು, ಜ್ವರದ ಮಂಪರಿನಲ್ಲಿ ಕೈಯೆತ್ತಿ, ಅಲ್ಲಿ ಏನೋ ಅಂಟಿದೆಯೆಂಬಂತೆ ಹೆಬ್ಬೆರಳಿನಿಂದ ಒರೆಸಿದಳು. ಆ ಹೆಬ್ಬೆರಳು ಸುಡುತ್ತಿತ್ತು. ಮೂವತ್ತು ವರ್ಷದಲ್ಲಿ ಅವನ ಹಣೆ ಕಂಡ ಮೊದಲ ಬಿಸಿ ಹೆಬ್ಬೆರಳು.

"ಯಾರವ್ವಾ ಇವರು?" ಎಂದಳು.

"ನೀರು ತಂದೋರು" ಎಂದಳು ಸೂಲಗಿತ್ತಿ.

ಅವಳ ಜ್ವರ ಒಂಬತ್ತು ದಿನಕ್ಕೆ ಇಳಿಯಿತು. ನೀರಿನಿಂದಲೇ ಇಳಿಯಿತೇ ಎಂದು ಹಳ್ಳಿಯವರು ಮುದುಕನನ್ನು ಕೇಳಿದರು. "ಒಬ್ಬಳನ್ನಷ್ಟೇ ನೋಡಿದ್ದೇನೆ" ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಈಚೆ ದಡದಲ್ಲಿ ಅಡಕಲು ಇನ್ನೂ ನಿಂತಿದೆ. ಅದರ ಬುಡದಲ್ಲಿ ಗಾಳಿಯ ಮೇಲೆ ಬಿದ್ದ ಬೊಟ್ಟುಗಳೆಲ್ಲ ಸೇರಿ ಸೇರಿ, ಈಗ ಅಲ್ಲಿ ಸುಣ್ಣದ್ದೇ ಒಂದು ಗಡಿಗೆಯ ಆಕಾರ ಮೂಡಿದೆಯಂತೆ. ಅಮಾವಾಸ್ಯೆಗೆ ಡಂಗುರದವನು ಅದರ ಲೆಕ್ಕ ಸಾರುತ್ತಾನೆ, ಲೆಕ್ಕ ಏರುತ್ತಲೇ ಇದೆ. ಕೇಳಬೇಕಾದವನು ಊರಿನಲ್ಲಿಲ್ಲ.

ಅವನು ಆಚೆ ದಡದಲ್ಲಿ ಸೂಲಗಿತ್ತಿಯ ಹರಿಗೋಲಿನಲ್ಲಿ ಕೂತಿರುತ್ತಾನೆ. ತೊಡೆಯ ಮೇಲೆ ತುಂಬಿದ ಗಡಿಗೆ. ಬಿಸಿ ಹೆಬ್ಬೆರಳು ಒರೆಸಿದ ಜಾಗವೊಂದು ಹಣೆಯ ನಡುವೆ ಮೈಬಣ್ಣಕ್ಕೇ ಉಳಿದಿದೆ. ಉಳಿದೆಡೆಯೆಲ್ಲ ಬಿಳಿ. ಹೆಬ್ಬೆರಳುಗಳು ಬರುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಈಗ ಅವನು ಅವುಗಳನ್ನು ಕಾಯುತ್ತಾನೆ. ಒಂದು ಬರುತ್ತದೆ, ತಣ್ಣಗೆ ಒತ್ತುತ್ತದೆ, ಗಂಟಲು ಒಣಗುತ್ತದೆ. ಎಲ್ಲೋ ಒಂದು ಮನೆ, ಒಂದು ಗೆರೆ, ಒಂದು ಬೊಗಸೆ.

"ಯಾವ ಕಡೆ ಯಜಮಾನ್ರೆ?" ಎಂದು ಸೂಲಗಿತ್ತಿ ಹುಟ್ಟೆತ್ತಿಕೊಳ್ಳುತ್ತಾಳೆ.

ಅವನು ಬಾಯಾರಿಕೆ ಬಂದ ದಿಕ್ಕಿಗೆ ಮುಖ ತಿರುಗಿಸುತ್ತಾನೆ. "ಆ ಕಡೆ. ಇವತ್ತೇ" ಎನ್ನುತ್ತಾನೆ.